ಜಗಳದ ಪರೀಕ್ಷೆ

ಕಾದಂಬರಿಗೊಂದು ಹೊಸ ಭಾಷೆ ಕಟ್ಟಲೇಬೇಕೆಂಬ ಕಾಯ್ದೆ ಬಂದ ಮೇಲೆ ಗದಗಿನ ಭಾಷಾ ನೋಂದಣಿ ಕಚೇರಿಯಲ್ಲಿ ಸದಾ ಗದ್ದಲ. ಅಲ್ಲಿ ಯಾರೂ ವ್ಯಾಕರಣ ನೋಡುವುದಿಲ್ಲ. ಹೊಸ ಭಾಷೆಯಲ್ಲಿ ಇಬ್ಬರು ಐದು ನಿಮಿಷ ತಡವರಿಸದೆ ಜಗಳವಾಡಿದರೆ ಮುದ್ರೆ ಬೀಳುತ್ತದೆ.

ಲೇಖಕಿ ನೀಲಾಂಬಿಕಾ ಎರಡು ಸಲ ಫೇಲಾಗಿದ್ದಳು. ಅವಳ ಕಾದಂಬರಿಯ ಜನ ಬಲು ಸಾಧುಗಳು. ಅವರಿಗೆಂದು ಒಂದು ಬೈಗುಳವನ್ನೂ ಅವಳು ಮಾಡಿರಲಿಲ್ಲ. ಈ ಸಲ ಪಕ್ಕದ ಮನೆಯ ಈರವ್ವನಿಗೆ ಆರು ತಿಂಗಳು ಭಾಷೆ ಕಲಿಸಿ ಕರೆತಂದಿದ್ದಳು.

"ಹೂಂ, ಚಾಲೂ ಮಾಡ್ರಿ" ಎಂದರು ಅಧಿಕಾರಿ, ಗಡಿಯಾರ ನೋಡುತ್ತ.

ಹೋದ ವರ್ಷ ಒಯ್ದ ರೊಟ್ಟಿ ಹಂಚನ್ನು ಈರವ್ವ ಇನ್ನೂ ತಿರುಗಿ ಕೊಟ್ಟಿರಲಿಲ್ಲ. ನೀಲಾಂಬಿಕಾ ಹೊಸ ಭಾಷೆಯಲ್ಲಿ ಅದನ್ನೇ ಎತ್ತಿದಳು. ಈರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಾತಿಗೆ ಮಾತು ಬೆಳೆಯಿತು. ನಾಲ್ಕನೆಯ ನಿಮಿಷಕ್ಕೆ ಈರವ್ವ ಅಂದ ಒಂದು ಮಾತಿಗೆ ನೀಲಾಂಬಿಕಾಳ ಕಿವಿ ಬಿಸಿಯಾಯಿತು. ಅವಳು ಜಗಳ ಬಿಟ್ಟು ಈರವ್ವನನ್ನೇ ನೋಡತೊಡಗಿದಳು.

"ಯಾಕ ನಿಂತ್ರಿ ಮೇಡಂ? ನಿಮ್ಮ ಭಾಷಾ ನಿಮಗ ಬರೂದಿಲ್ಲೇನು?"

"ಆ ಬೈಗುಳ ನಾ ಮಾಡಿದ್ದಲ್ರಿ ಸರ್!" ನೀಲಾಂಬಿಕಾಳ ಮುಖ ಅರಳಿತ್ತು. "ನಾ ಕಲಿಸಿದ್ದು ಬೂದಿ, ಬಾಯಿ ಅನ್ನೋ ಎರಡು ಶಬ್ದ ಅಷ್ಟ. ಎರಡೂ ಕೂಡ್ಸಿ ಈಕಿನ ಕಟ್ಟ್ಯಾಳ."

"ಮತ್ತ ಸಿಟ್ಟು ಬಂದಿತ್ತಲ್ಲ ನನಗ" ಎಂದಳು ಈರವ್ವ.

"ಬೈಗುಳ ತಾನ ಹುಟ್ಟಿತಂದ್ರ ಭಾಷಾ ಬದುಕೇತಿ" ಎಂದು ಅಧಿಕಾರಿ ಗಡಿಯಾರ ಬದಿಗಿಟ್ಟು ಮುದ್ರೆ ಒತ್ತಿದರು.

'ಭಾಷೆ ಕಟ್ಟಿದವರು' ಎಂಬಲ್ಲಿ ನೀಲಾಂಬಿಕಾ ತನ್ನ ಹೆಸರಿಗಿಂತ ಮೊದಲು ಈರವ್ವನ ಹೆಸರು ಬರೆದು, ಪೆನ್ನನ್ನು ಅವಳ ಕೈಗಿಟ್ಟಳು.

"ಸಹಿ ಮಾಡು. ಹಂಚು ನಿನ್ನ ಕಡೇನ ಇರ್ಲಿ."