ವಾರಕ್ಕೊಂದು ಸೂಜಿ

“ನಿನಗ ಸೂಜಿ ವಾರಕ್ಕೊಮ್ಮೆ ಏನವ್ವಾ, ತಿಂಗಳಿಗೊಮ್ಮೆ?”

ಸಿಂಧನೂರಿನ ಮೂಗಿನ ಡಾಕ್ಟರ ದವಾಖಾನೆಯ ಬೆಂಚಿನಲ್ಲಿ ಗೊರೇಬಾಳದ ಹಾಜಿರಾಬೀ ತನ್ನ ಒಂದು ಪಕ್ಕ ಕೂತ ಹುಡುಗಿಯನ್ನು ಕೇಳಿದಳು. ಇನ್ನೊಂದು ಪಕ್ಕ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಸ್ಕಿಯಿಂದ ಬಂದ ದೀಪಾ ಸೀನು ಮುಗಿಸಿ ಉತ್ತರ ಕೊಡುವುದಕ್ಕೆ ಹೊತ್ತು ಹಿಡಿಯಿತು. ಹಾಸಿಗೆ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳ ಇಬ್ಬರ ಮೂಗಿಗೂ ಆಗದು. ಮೂಗು ಕಟ್ಟಿದವರಿಗೆ ಮೂಗು ಕಟ್ಟಿದವರೇ ನೆಂಟರು.

“ಇವತ್ತ ಶುರು ರೀ. ಮೊದಲ ವಾರಕ್ಕೊಮ್ಮೆ, ಆಮ್ಯಾಲ ತಿಂಗಳಿಗೊಮ್ಮೆ ಅಂದಾರ. ದೊಡ್ಡ ಊರಾಗ ಒಂದ ದಿನ ಎರಡ್ಮೂರು ಹಾಕಿ ಲಗೂ ಮುಗಸ್ತಾರಂತ. ಅದ ಚಲೋ ಇತ್ತು.”

“ಲಗೂ ಮುಗೀಬಾರದವ್ವಾ. ಇವತ್ತಿನಿಂದ ನನಗ ತಿಂಗಳಿಗೊಮ್ಮೆ ಮಾಡ್ಯಾರ. ವಾರಾ ವಾರಾ ಹಾಕ್ರಿ ಅಂತ ಕಾಲ ಹಿಡದೆ, ಕೇಳವಲ್ರು.”

ಸೂಜಿಗೆ ಆಸೆಪಡುವವರನ್ನು ದೀಪಾ ಕಂಡಿರಲಿಲ್ಲ. ನಕ್ಕುಬಿಟ್ಟಳು.

ಹಾಜಿರಾಬೀ ನಗಲಿಲ್ಲ. ತೀರಿಹೋದ ತಾಯಿ ಸರ್ದಾರಬಿಯ ಸೀರೆಗಳನ್ನೆಲ್ಲ ಕೂಡಿಸಿ ಆಕೆ ಕೌದಿ ಹೊಲಿದಿದ್ದಳು. ಅದನ್ನು ಹೊದೆಯದೆ ನಿದ್ದೆ ಬರುತ್ತಿರಲಿಲ್ಲ. ಹುಳಗಳು ಇರುವುದು ಆ ಕೌದಿಯಲ್ಲೇ, ಮೈಯಿಂದ ಉದುರಿದ ಚರ್ಮ ತಿಂದು ಬದುಕುತ್ತವೆ ಎಂದು ಡಾಕ್ಟರು ಹೇಳಿದ ಮೇಲೆ ಅಳುತ್ತಾ ಹೋಗಿ ಅದನ್ನು ಕಾಲುವೆಗೆ ಬಿಟ್ಟು ಬಂದಳು.

“ನಮ್ಮ ಅಮ್ಮಾನ್ನ ತಿಂದ ಹುಳ ಅವು. ಸೂಜ್ಯಾಗ ಇರೋದೂ ಅದ ಹುಳದಿಂದ ಮಾಡಿದ ಔಷಧ. ಹಾಕಿಸ್ಕೊಂಡ ಸ್ವಲ್ಪ ಹೊತ್ತಿಗೆ ಕಟ್ಟಿದ ಮೂಗಿಗೂ ಆಕಿ ವಾಸನಿ ಬರತೈತಿ. ಇಲ್ಲೇ ಬಾಜೂಕ ಬಂದು ಕುಂದರತಾಳ.”

“ಅಕ್ಕಾರ, ಅದು ಎಲ್ಲೋ ಕಂಪನಿಯಾಗ ಮಾಡಿದ್ದು ರೀ.”

“ಹುಳಕ್ಕ ನಿಮ್ಮನಿ ನಮ್ಮನಿ ಅಂತ ಇರತೈತೇನು?” ಹಾಜಿರಾಬೀ ಪಕ್ಕದ ಖಾಲಿ ಜಾಗವನ್ನು ಸವರಿದಳು. “ಆಗಲೇ ಹಾಕಿಸ್ಕೊಂಡು ಕುಂತೀನಿ. ಇವತ್ತ್ಯಾಕೋ ಇನ್ನೂ ಬಂದಿಲ್ಲ.”

ದೀಪಾಗೆ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಹೆಸರು ಕೂಗಿದರು. ಸೂಜಿ ಹಾಕಿಸಿಕೊಂಡು ಬಂದಳು. ಅರ್ಧ ತಾಸು ಎಲ್ಲಿಯೂ ಹೋಗಬೇಡಿ ಎಂದು ನರ್ಸ್ ಹೇಳಿದ್ದರಿಂದ ಮತ್ತೆ ಅದೇ ಬೆಂಚಿಗೆ ಬಂದು ಕೂತಳು. ಫ್ಯಾನು ತಿರುಗುತ್ತಿತ್ತು. ಬೆಂಚಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ದೀಪಾ ಮೂಗು ಏರಿಸಿದಳು. ವರ್ಷಗಳಿಂದ ಊಟದ ವಾಸನೆಯನ್ನೂ ಕಾಣದ ಮೂಗು ಅದು.

“ಅಕ್ಕಾರ, ಯಾರರ ಲವಂಗ ಅಗಿಯಾಕತ್ತಾರೇನ್ರಿ? ಲವಂಗ... ತಲೀಗೆ ಹಚ್ಚಿದ ಎಳ್ಳೆಣ್ಣಿ...”

ಹಾಜಿರಾಬೀಯ ಮುಖ ಬಿಳಿಚಿತು. ಅವಳು ದೀಪಾಳನ್ನು ನೋಡಲಿಲ್ಲ. ದೀಪಾಳ ಆಚೆ ಬದಿಯ ಬರಿದಾದ ಜಾಗವನ್ನು ನೋಡಿದಳು. ಕಣ್ಣು ತುಂಬಿಕೊಂಡವು. ತೊಡೆಯ ಮೇಲಿದ್ದ ಚೀಲವನ್ನು ಎತ್ತಿ, ಇಷ್ಟು ಹೊತ್ತು ಬಿಟ್ಟುಕೊಂಡಿದ್ದ ತನ್ನ ಪಕ್ಕದ ಜಾಗದಲ್ಲಿ ಇಟ್ಟಳು.

“ನಿನಗ ವಾರಕ್ಕೊಮ್ಮೆ ಐತಲ್ಲವ್ವಾ,” ಎಂದಳು. “ಅದಕ್ಕ ನಿನ್ನ ಬಾಜೂಕ ಹೋಗಿ ಕುಂತಾಳ.”