ಐವತ್ತರ ಮುಖ

ಸರ್ಕಾರದ ಹೊಸ ಯಂತ್ರ ಬಂದಮೇಲೆ ಪಾಪಣ್ಣನ ಗೂಡಂಗಡಿಯಲ್ಲಿ ಸಿಗರೇಟು ವ್ಯಾಪಾರ ಅರ್ಧಕ್ಕಿಳಿದಿತ್ತು. ಕೊಳ್ಳುವವನ ಫೋಟೋ ತೋರಿಸಿದರೆ, ಸೇದಿ ಸೇದಿ ಐವತ್ತನೇ ವಯಸ್ಸಿಗೆ ಅವನು ಹೇಗಾಗುತ್ತಾನೋ ಆ ಮುಖವನ್ನೇ ಅದು ಪ್ಯಾಕಿನ ಮೇಲೆ ಅಚ್ಚು ಹಾಕುತ್ತಿತ್ತು. ಹುಡುಗರು ಪ್ಯಾಕಿನ ಮೇಲಿನ ತಮ್ಮ ಮುಖವನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡೇ ಸೇದುತ್ತಿದ್ದರು.

ಜವರಮ್ಮ ಮಗನ ಕಾಲೇಜು ಫೋಟೋ ಚಾಚಿದಳು.

"ಯಾರಿಗಕ್ಕ?"

"ನಮ್ಮ ಲೋಹಿತಂಗೆ."

ಪಾಪಣ್ಣನ ಕೈ ನಿಂತಿತು. ಹೋದ ವರ್ಷ ಬೈಕಿನಿಂದ ಬಿದ್ದು ಸತ್ತ ಲೋಹಿತನಿಗೆ ಅವನೂ ಹೆಗಲು ಕೊಟ್ಟಿದ್ದ.

"ಅವ್ನು ಬೀಡಿ ಹೊಗೆಗೂ ಮೂಗು ಮುಚ್ಕೊತಿದ್ದ ಕಣಕ್ಕ. ಬ್ಯಾಡ, ಈ ಮಿಷನ್ನು ಚೆಂದದ ಮುಖ ಮಾಡಾಕಿಲ್ಲ. ನನ್ ಮುಖನೇ ಬೇಯ್ಸಿದ ಬದ್ನೇಕಾಯಿ ಮಾಡ್ಬುಡ್ತು!"

"ಮಾಡ್ಲಿ. ನೀ ಕೊಡು."

ಪ್ಯಾಕು ಹೊರಬಂತು. ಗುಳಿಬಿದ್ದ ಕೆನ್ನೆ, ಕರಕಲು ತುಟಿ, ಗಂಟಲಲ್ಲಿ ತೂತು. ಪಾಪಣ್ಣ ರಸ್ತೆ ಕಡೆ ಮುಖ ತಿರುಗಿಸಿದ.

"ಅವರಪ್ಪನಂಗೇ ಮುಂದಲೆ ಬೋಳಾಗೈತೆ ನೋಡು," ಎಂದಳು ಜವರಮ್ಮ, ಸೆರಗಿನಿಂದ ಅದನ್ನು ಒರೆಸುತ್ತ. "ಏನೇ ಆಗ್ಲಿ, ಐವತ್ತು ತುಂಬೈತಲ್ಲ ನನ್ ಮಗಂಗೆ."

ಸಿಗರೇಟುಗಳನ್ನೆಲ್ಲ ಪಾಪಣ್ಣನ ಮುಂದೆ ಸುರಿದು, ಖಾಲಿ ಪ್ಯಾಕನ್ನು ಎದೆಗವಚಿಕೊಂಡು ಮನೆಕಡೆ ನಡೆದಳು.