ಟವೆಲ್ಲಿನ ಕೆಳಗೆ

"ಕೈ ಕೊಡು ಇಲ್ಲಿ," ಎಂದು ಪಂಚಾಕ್ಷರಪ್ಪ ಹೆಂಡತಿ ರುದ್ರಾಣಿಯ ಕೈ ಮೇಲೆ ಟವೆಲ್ ಹೊದಿಸಿದ. ಚನ್ನಗಿರಿಯ ದನದ ಸಂತೆಯಲ್ಲಿ ಬೆರಳು ಒತ್ತಿ ಗುಟ್ಟಾಗಿ ಬೆಲೆ ಹೇಳುವ ಹಾಗೆ, ಪ್ರವಾಸ ಹೋದಾಗ ಬ್ಯಾಂಕಾಕಿನ ಅಂಗಡಿಯವಳ ಹತ್ತಿರವೂ ಚೌಕಾಸಿಗಿಳಿದದ್ದನ್ನು ಪಕ್ಕದ ಮನೆಯ ಕಸ್ತೂರಮ್ಮನಿಗೆ ಮಾಡಿ ತೋರಿಸುತ್ತಿದ್ದ.

"ಕೈ ಹಿಡಿಯಾಕೆ ಬಂದ ಅಂತ ಆಕೆ ಕಪಾಳಕ್ಕೆ ಬಿಡಲಿಲ್ಲ, ನಿನ್ನ ಪುಣ್ಯ ಕಣಪ್ಪ!" ಕಸ್ತೂರಮ್ಮ ನಕ್ಕರು.

ರುದ್ರಾಣಿ ನಗಲಿಲ್ಲ. ಮಗಳು ತೀರಿಕೊಂಡ ಮೇಲೆ, ಮನಸ್ಸು ಹಗುರಾಗಲಿ ಎಂದು ರುದ್ರಾಣಿಯ ಅಣ್ಣ ಕಳಿಸಿದ ಪ್ರವಾಸ ಅದು. ಜಾವಾದ ಹಳೆಯ ಶಿವನ ಗುಡಿ, ಸಿಂಗಪುರದ ಬೀದಿ, ಬಾಲಿಯ ಕಡಲತೀರ, ಯಾವುದನ್ನು ನೋಡಿದಾಗಲೂ ಅವಳಿಗೆ ಏನೂ ಅನಿಸಿರಲಿಲ್ಲ. ಎಲ್ಲ ಕಡೆಯೂ ಇಬ್ಬರೂ ನಡುವೆ ಒಂದು ಮಗುವಿನಷ್ಟು ಜಾಗ ಬಿಟ್ಟುಕೊಂಡೇ ನಡೆದಿದ್ದರು. ಮಗಳನ್ನು ಮಣ್ಣು ಮಾಡಿ ಬಂದ ದಿನದಿಂದ ಅವನು ಅವಳನ್ನು ಮುಟ್ಟಿರಲಿಲ್ಲ.

ಟವೆಲ್ಲಿನ ಕೆಳಗೆ ಅವನು ಅವಳ ಒಂದೊಂದೇ ಬೆರಳು ಒತ್ತುತ್ತ ಬಂದು ಕಿರುಬೆರಳಿನಲ್ಲಿ ನಿಂತುಬಿಟ್ಟ. ಮಗಳು ಹಿಡಿದು ನಡೆಯುತ್ತಿದ್ದ ಬೆರಳು.

"ಹೂಂ, ಎಷ್ಟಕ್ಕೆ ಕುದುರ್ತು ಹೇಳಪ್ಪ," ಎಂದರು ಕಸ್ತೂರಮ್ಮ.

ಅವನು ಆ ಬೆರಳು ಬಿಡಲಿಲ್ಲ. ರುದ್ರಾಣಿ ಇನ್ನೊಂದು ಕೈಯಿಂದ ಟವೆಲ್ಲಿನ ಅಂಚು ಎಳೆದು, ಇಬ್ಬರ ಕೈಯೂ ಕಾಣದಂತೆ ಮುಚ್ಚಿದಳು.